ಫ್ಲೀಡರ್ ಬೀದಿಯ ದಪ್ಪ ದನಿ

ದಸರೆಯ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡು ಹೋಗುವುದನ್ನು ನೀವು ನೋಡಿರುತ್ತೀರಿ. ಮುಂದಿನ ಸಾಲಿನಲ್ಲಿ ಸಣ್ಣ ತುತ್ತೂರಿಗಳು ಮಿಂಚುತ್ತ ಹೋಗುತ್ತವೆ. ಜನರ ಕಣ್ಣೆಲ್ಲ ಅವುಗಳ ಮೇಲೆ. ಕಟ್ಟಕಡೆಯ ಸಾಲಿನಲ್ಲಿ ಯಾರೋ ಒಬ್ಬ ದಪ್ಪ ಆಸಾಮಿ ಹಿತ್ತಾಳೆಯ ಹಂಡೆಯಂಥದ್ದನ್ನು ಎದೆಗವಚಿಕೊಂಡು, ಬೆವರು ಸುರಿಸುತ್ತ, ಬುಂ ಬುಂ ಎಂದು ಊದುತ್ತ ಬರುತ್ತಾನೆ. ಆ ಹಂಡೆಯ ಜಾತಿಗೆ ಸೇರಿದ್ದು ನಾನು. ನನ್ನನ್ನು ಟ್ಯೂಬಾ ಎನ್ನುತ್ತಾರೆ.

ನಾನು ಹುಟ್ಟಿದ್ದು ಜರ್ಮನಿಯ ಪೂರ್ವದ ಒಂದು ಬೆಟ್ಟದೂರಿನಲ್ಲಿ. ಅಲ್ಲಿ ಮನೆಮನೆಯಲ್ಲೂ ವಾದ್ಯ ಮಾಡುತ್ತಿದ್ದರು. ಹಿತ್ತಾಳೆಯ ತಗಡನ್ನು ಬಡಿದು ಸುರುಳಿ ಸುತ್ತಿದರು, ಕೊಳವೆಯೊಳಗೆ ಕರಗಿದ ಸೀಸ ತುಂಬಿ ಬಗ್ಗಿಸಿದರು, ಆಮೇಲೆ ಸೀಸವನ್ನು ಕಾಯಿಸಿ ಹೊರಗೆ ಸುರಿದರು. ಒಳಗೆಲ್ಲ ಟೊಳ್ಳಾದಾಗ ನನಗೆ ಭಯವಾಗಿತ್ತು. ಟೊಳ್ಳಾಗಿರುವುದೇ ನನ್ನ ಕೆಲಸವೆಂದು ಆಗ ತಿಳಿದಿರಲಿಲ್ಲ.

ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ರೈಲಿನಲ್ಲಿ ಪಶ್ಚಿಮಕ್ಕೆ ಬಂದೆ. ಎಲ್ಮೆನ್‌ರಾತ್ ಎಂಬುದು ನಾನು ಇಳಿದ ನಗರ. ಮುಚ್ಚಳ ತೆಗೆದ ಕೂಡಲೆ ನನಗೆ ಕಂಡದ್ದು ಆಕಾಶವಲ್ಲ, ಹೊಗೆ. ಕಲ್ಲಿದ್ದಲ ಗಣಿ, ಉಕ್ಕಿನ ಕುಲುಮೆ, ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುವ ಒಲೆಗಳು, ಇವುಗಳ ನಡುವೆ ಉಳಿದ ಜಾಗದಲ್ಲಿ ಊರು. ಊರ ಮಧ್ಯದಲ್ಲಿ ಹರಿಯುತ್ತಿದ್ದ ಹೊಳೆಗೆ ಎಲ್ಲ ಕಾರ್ಖಾನೆಗಳೂ ಎಲ್ಲ ಪಾಯಿಖಾನೆಗಳೂ ಬಂದು ಸೇರುತ್ತಿದ್ದವು. ಜನ ಅದನ್ನು ಕರಿಹೊಳೆ ಎನ್ನುತ್ತಿದ್ದರು. ಹೆಂಗಸರು ಬಟ್ಟೆ ಒಣಹಾಕುವ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದರು. ಗಾಳಿ ಗಣಿಯ ಕಡೆಯಿಂದ ಬಂದರೆ ಬಿಳಿ ದುಪ್ಪಟಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

ಆದರೆ ಆ ಊರಿನಲ್ಲಿ ಒಬ್ಬರೇ ಇರುವವರು ಯಾರೂ ಇರಲಿಲ್ಲ. ಪಾರಿವಾಳ ಸಾಕುವವರಿಗೊಂದು ಸಂಘ, ತರಕಾರಿ ಬೆಳೆಯುವವರಿಗೊಂದು ಸಂಘ, ಹಾಡುವವರಿಗೊಂದು, ಕುಸ್ತಿಯವರಿಗೊಂದು. ಕೊನೆಗೆ ಹೆಣ ಹೂಳುವುದಕ್ಕೆ ನೆರವಾಗುವ ಸಂಘವೂ ಇತ್ತು. ನನ್ನನ್ನು ತರಿಸಿಕೊಂಡವರು ಕಾಥಿಂಕಾ ಗಣಿಯ ಬ್ಯಾಂಡಿನವರು. ಕಾಥಿಂಕಾ ಎಂದರೆ ಯಾರೋ ಹಳೆಯ ಗಣಿ ಮಾಲೀಕನ ಹೆಂಡತಿಯ ಹೆಸರಂತೆ. ಆ ಹೆಂಗಸು ಎಂದೂ ಆ ಊರಿಗೆ ಕಾಲಿಟ್ಟಿರಲಿಲ್ಲ.

ನನ್ನನ್ನು ಮೊದಲು ತೊಡೆಯ ಮೇಲೆ ಕೂರಿಸಿಕೊಂಡವನು ಆಗಸ್ಟ್ ಪಿಯೊನ್‌ಟೆಕ್. ಕಲ್ಲಿದ್ದಲು ಕಡಿಯುವವನು. ಅವನ ಅಜ್ಜ ಪೂರ್ವದ ಹೊಲಗಳಿಂದ ಕೂಲಿ ಹುಡುಕಿಕೊಂಡು ಬಂದವನು. ಆಗಸ್ಟ್ ಹುಟ್ಟಿದ್ದು ಇಲ್ಲೇ, ಗಣಿ ಕಾಲೋನಿಯ ಫ್ಲೀಡರ್ ಬೀದಿಯಲ್ಲಿ. ಆ ಬೀದಿಯಲ್ಲಿ ಕೆಂಪಿಟ್ಟಿಗೆಯ ಮನೆಗಳು ಎರಡು ಸಾಲು, ಮೇಲಿನ ಸಾಲು ಮತ್ತು ಕೆಳಗಿನ ಸಾಲು. ಪ್ರತಿ ಮನೆಯ ಹಿಂದೆ ಒಂದು ಕೊಟ್ಟಿಗೆ, ಅದರಲ್ಲೊಂದು ಆಡು. ಎರಡೂ ಸಾಲಿಗೆ ಸೇರಿದಂತೆ ನಡುವೆ ಒಂದು ಬಟ್ಟೆ ಒಗೆಯುವ ಮನೆ. ಆಗಸ್ಟನ ಮನೆ ಮೇಲಿನ ಸಾಲಿನಲ್ಲಿತ್ತು.

ಊದುವ ವಾದ್ಯಕ್ಕೆ ಮನುಷ್ಯ ಗೊತ್ತಾಗುವುದು ಅವನ ಉಸಿರಿನಿಂದ. ಆಗಸ್ಟನ ಮುಖ ನನಗೆ ಗಲ್ಲದಿಂದ ಮೇಲಕ್ಕೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಆದರೆ ಅವನು ಊಟ ಮಾಡಿದ್ದಾನೋ ಇಲ್ಲವೋ, ಹೆಂಡತಿ ಬರ್ಟಾಳ ಜೊತೆ ಮುನಿಸೋ ಸಲಿಗೆಯೋ, ಎಲ್ಲ ನನಗೆ ತಿಳಿಯುತ್ತಿತ್ತು. ಆಗ ಅವನ ಉಸಿರು ಕಮ್ಮಾರನ ತಿದಿಯಂತಿತ್ತು. ಒಮ್ಮೆ ಎದೆ ತುಂಬಿಕೊಂಡರೆ ಮೆರವಣಿಗೆ ಒಂದು ತಿರುವು ದಾಟುವವರೆಗೂ ಸಾಕಾಗುತ್ತಿತ್ತು.

ಮೇ ದಿನದ ಮೆರವಣಿಗೆಯಲ್ಲಿ ಊದಿದೆವು, ಮದುವೆಗಳಲ್ಲಿ ಊದಿದೆವು. ಎಲ್ಲಕ್ಕಿಂತ ಹೆಚ್ಚು ಸ್ಮಶಾನದಲ್ಲಿ ಊದಿದೆವು. ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವನು ಲುಡ್ವಿಗ್ ಬ್ರಾಂಡ್‌ಹೋಫ್. ಗಣಿ ಕೆಲಸಗಾರ, ನಗರಸಭೆಯ ಸದಸ್ಯನೂ ಹೌದು. ಸಾರ್ವಜನಿಕ ಸ್ನಾನಗೃಹಕ್ಕಾಗಿ, ಕ್ಷಯರೋಗದ ಮಕ್ಕಳ ಶಾಲೆಗಾಗಿ ಸಭೆಯಲ್ಲಿ ಗಂಟಲು ಹರಿದುಕೊಂಡು ಬಂದು, ಸಂಜೆ ಅದೇ ಗಂಟಲಿಗೆ ಬಿಯರ್ ಹೊಯ್ದು ಕ್ಲಾರಿನೆಟ್ ಹಿಡಿಯುತ್ತಿದ್ದ. ಆಗಸ್ಟನಿಗೆ ಅವನು ಗೆಳೆಯ.

ಸಾವಿರದ ಒಂಬೈನೂರ ಮೂವತ್ತಮೂರರ ವಸಂತದಲ್ಲಿ, ಹೊಸದಾಗಿ ಅಧಿಕಾರ ಹಿಡಿದ ಪಕ್ಷದ ಕಂದು ಅಂಗಿಯವರು ನಗರಸಭೆಯೊಳಗೆ ನುಗ್ಗಿ ಬ್ರಾಂಡ್‌ಹೋಫನನ್ನು ಮೆಟ್ಟಿಲ ಮೇಲಿಂದ ಎಳೆದುಕೊಂಡು ಹೋದರು. ಕೆಲವು ದಿನಗಳಲ್ಲೇ ಬ್ಯಾಂಡಿಗೆ ಅಪ್ಪಣೆ ಬಂತು: ಸಭಾಭವನದ ಮೇಲೆ ಹೊಸ ಬಾವುಟ ಏರುತ್ತದೆ, ಬಂದು ನುಡಿಸಬೇಕು. ಎಲ್ಲರೂ ಬಂದರು. ಎಲ್ಲರಿಗೂ ಹೆಂಡತಿ ಮಕ್ಕಳಿದ್ದರು. ಆಗಸ್ಟನೂ ನನ್ನನ್ನು ಹೊತ್ತು ಹೋದ. ಮನೆಯಲ್ಲಿ ಹನ್ನಲೋರೆ ಎಂಬ ಪುಟ್ಟ ಮಗಳಿದ್ದಳು.

ಬಾವುಟ ಏರತೊಡಗಿತು. ಆಗಸ್ಟ್ ಕೆನ್ನೆ ಉಬ್ಬಿಸಿದ. ಬೆರಳುಗಳು ಕೀಲಿಗಳ ಮೇಲೆ ಸರಿಯಾಗಿ ಓಡಾಡಿದವು. ಆದರೆ ನನ್ನೊಳಗೆ ಗಾಳಿ ಬರಲಿಲ್ಲ. ಮೊದಲು ಮರೆತನೆಂದುಕೊಂಡೆ. ಹಾಡು ಮುಗಿಯುವವರೆಗೂ ಬರಲಿಲ್ಲ. ಅವನ ಎದೆ ಮಾತ್ರ ನನ್ನ ಬೆನ್ನಿಗೆ ತಾಗಿ ಡವಡವ ಎನ್ನುತ್ತಿತ್ತು.

ಬ್ಯಾಂಡು ಚದುರಿದ ಮೇಲೆ ತುತ್ತೂರಿಯ ಫ್ರಿಟ್ಸ್ ನೋಟೆಬಾಮ್ ಪಕ್ಕಕ್ಕೆ ಬಂದು ನಿಂತ. "ನಿನ್ನ ವಾದ್ಯಕ್ಕೆ ನೆಗಡಿಯಾಗಿತ್ತಾ?"

"ಹೂಂ. ನೆಗಡಿ."

"ಬೇಗ ವಾಸಿ ಮಾಡ್ಕೊ ಮಾರಾಯ. ನನಗೆ ಕೇಳ್ಸಿದ್ದು ಬೇರೆಯವ್ರಿಗೂ ಕೇಳ್ಸಿರತ್ತೆ."

ಕೇಳಿಸಿತ್ತು. ಯಾರು ಹೇಳಿದರೋ ತಿಳಿಯದು. ಮುಂದಿನ ವಾರ ಆಗಸ್ಟನನ್ನು ಕಲ್ಲಿದ್ದಲಿನ ಕೆಲಸದಿಂದ ತೆಗೆದು ಬಂಡೆ ಕೊರೆಯುವ ಕೆಲಸಕ್ಕೆ ಹಾಕಿದರು. ನೀರು ಹಾಯಿಸದೆ ಒಣಬಂಡೆಗೆ ಯಂತ್ರ ಹಿಡಿಯುವ ಕೆಲಸ ಅದು. ಧೂಳಿನಲ್ಲಿ ಎದುರಿಗಿದ್ದವನ ದೀಪವೂ ಕಾಣುತ್ತಿರಲಿಲ್ಲ. ಜೈಲಿಗೆ ಹಾಕಲಿಲ್ಲವಲ್ಲ ಎಂದು ಬರ್ಟಾ ಸಮಾಧಾನ ಮಾಡಿಕೊಂಡಳು. ಬ್ರಾಂಡ್‌ಹೋಫ್ ಮತ್ತೆ ಬರಲಿಲ್ಲ.

ಯುದ್ಧ ಬಂತು. ಮನೆಯಲ್ಲಿರುವ ಹಿತ್ತಾಳೆ, ತಾಮ್ರ, ಕಂಚು ತಂದೊಪ್ಪಿಸಿ, ಗುಂಡು ಮಾಡಬೇಕಾಗಿದೆ ಎಂದು ಸಾರಿದರು. ಚರ್ಚಿನ ಗಂಟೆಗಳೇ ಇಳಿದುಹೋದವು. ಬರ್ಟಾ ನನ್ನನ್ನು ಕೊಟ್ಟಿಗೆಯಲ್ಲಿ ಆಡಿನ ಹಾಸಿಗೆಯಡಿ ಹೂತಿಟ್ಟಳು. ವರ್ಷಗಟ್ಟಲೆ ಆ ಆಡು ನನ್ನ ಮೇಲೇ ಮಲಗಿತು. ನನ್ನ ತೊಗಲಿನ ಪಟ್ಟಿಯನ್ನು ತಿಂದು ಮುಗಿಸಿತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಬಾಂಬು ಬೀಳುವಾಗ ಅದರ ಮೈ ಬೆಚ್ಚಗಿರುತ್ತಿತ್ತು.

ಬರ್ಟಾ ಬ್ರೆಡ್ಡಿನ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ನಡುಮಧ್ಯಾಹ್ನ. ಸೈರನ್ ಕೂಗಿದಾಗ ಸಾಲು ಬಿಟ್ಟು ಓಡಿದವರು ಉಳಿದರು, ಸರದಿ ಹತ್ತಿರ ಬಂದವರು ನಿಂತೇ ಇದ್ದರು. ಅವಳ ಸರದಿ ಹತ್ತಿರ ಬಂದಿತ್ತು.

ನನ್ನನ್ನು ಮಣ್ಣಿನಿಂದ ಎತ್ತಿದಾಗ ನಗರದಲ್ಲಿ ನೆಟ್ಟಗೆ ನಿಂತಿದ್ದದ್ದು ಚಿಮಣಿಗಳು ಮಾತ್ರ. ಆದರೂ ಫ್ಲೀಡರ್ ಬೀದಿ ಉಳಿದಿತ್ತು. ಬ್ಯಾಂಡು ಮತ್ತೆ ಸೇರಿತು. ನೋಟೆಬಾಮ್ ಅದರ ಮುಖಂಡನಾದ. ದೇಶಕ್ಕೆಲ್ಲ ಕಲ್ಲಿದ್ದಲು ಬೇಕಾಗಿತ್ತು. ಊರಿಗೆ ಊರೇ ಎರಡು ಪಾಳಿ ಮೂರು ಪಾಳಿ ದುಡಿಯಿತು.

ಆಗಸ್ಟನ ಉಸಿರು ನನ್ನೊಳಗೆ ಮತ್ತೆ ಬಂದಾಗ ನಾನು ಬೆಚ್ಚಿದೆ. ಅದರಲ್ಲಿ ಮರಳು ಸರಿದಂಥ ಸದ್ದಿತ್ತು. ಮೊದಲು ಒಂದು ತಿರುವು ದಾಟಿಸುತ್ತಿದ್ದವನು ಈಗ ನಾಲ್ಕು ಹೆಜ್ಜೆಗೊಮ್ಮೆ ಉಸಿರೆಳೆಯುತ್ತಿದ್ದ. ವೈದ್ಯರಿಗೆ ಗೊತ್ತಾಗುವ ಮೊದಲು, ಮಗಳಿಗೆ ಗೊತ್ತಾಗುವ ಮೊದಲು, ನನಗೆ ಗೊತ್ತಾಯಿತು. ಗೊತ್ತಾಗಿ ಏನು ಮಾಡಲಿ? ಅವನು ಊದಿದ್ದನ್ನು ಮಾತ್ರ ನಾನು ಹೇಳಬಲ್ಲೆ.

ಹನ್ನಲೋರೆ ಆಗ ನಗರದ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಎತ್ತರದ ಹೆಂಗಸು, ತೋಳು ಗಟ್ಟಿ, ಮಾತು ಕಡಿಮೆ. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕೂತು ಅಭ್ಯಾಸ ಮಾಡುವಾಗ, ಅರ್ಧಕ್ಕೇ ಕೆಮ್ಮು ಬಂದು ನನ್ನನ್ನು ಕೆಳಗಿಟ್ಟ. ಆಲೂಗಡ್ಡೆ ಸುಲಿಯುತ್ತ ಕೂತಿದ್ದವಳು ಕೈ ಒರೆಸಿಕೊಂಡು ಬಂದಳು.

"ನೀನು ಬೆರಳಾಡಿಸಪ್ಪ. ಊದೋದು ನಾನು ಊದ್ತೀನಿ."

"ಇದೇನು ಸೂಪು ಆರಿಸೋ ಕೆಲಸ ಅಂದ್ಕೊಂಡಿದೀಯಾ?"

"ಬೆರಳಿಡು ಅಂದೆ."

ಅವಳು ತುಟಿಯಿಟ್ಟಳು. ಮೊದಲು ಬಂದ ಸದ್ದಿಗೆ ಪಕ್ಕದ ಮನೆಯ ಪಾರಿವಾಳಗಳೆಲ್ಲ ಹಾರಿದವು. ಆಗಸ್ಟ್ ಕೆಮ್ಮುತ್ತಲೇ ನಕ್ಕ. ಭಾನುವಾರ ಭಾನುವಾರ ಹೀಗೆ ನಡೆಯಿತು: ಅಪ್ಪನ ಬೆರಳು, ಮಗಳ ಉಸಿರು. ಬರಬರುತ್ತ ಅಪ್ಪನ ಬೆರಳೂ ಬೇಡವಾಯಿತು. ಅವಳ ಉಸಿರು ಶುಭ್ರವಾಗಿತ್ತು. ಭೂಮಿಯ ಕೆಳಗೆ ಎಂದೂ ಹೋಗದ ಉಸಿರು ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಆಗಲೇ.

ಆಗಸ್ಟ್ ಹಾಸಿಗೆ ಹಿಡಿದಾಗ ಅವಳು ನೋಟೆಬಾಮನ ಬಳಿ ಹೋಗಿ ಕೇಳಿದಳು. ಬ್ಯಾಂಡಿನ ಅಭ್ಯಾಸ ನಡೆಯುತ್ತಿದ್ದ ಹೋಟೆಲಿನ ಹಿಂದಿನ ಕೋಣೆ ಅದು. ನಾನು ಅಲ್ಲೇ ಗೋಡೆಗೊರಗಿದ್ದೆ.

"ನೀನು ಊದ್ತೀಯ, ನಾನು ಕೇಳಿದೀನಿ," ಎಂದ ನೋಟೆಬಾಮ್. "ಆದ್ರೆ ಇದು ಗಣಿ ಬ್ಯಾಂಡು ಕಣಮ್ಮ. ಕರಿ ಸಮವಸ್ತ್ರ, ಗರಿ ಟೋಪಿ. ಅದನ್ನ ಹೆಂಗಸಿಗೆ ಹಾಕೋದು ಹೇಗೆ?"

"ಗುಂಡಿ ಹಾಕೋದು. ಗಂಡಸ್ರು ಹಾಕ್ಕೊಳ್ಳೋ ಹಾಗೇ."

"ಸಂಘದ ನಿಯಮದಲ್ಲಿ ಗಂಡಸರು ಅಂತಿದೆ. ನನ್ನ ಕೈಯಲ್ಲಿಲ್ಲ."

ಆಗಸ್ಟ್ ಸತ್ತ. ಸ್ಮಶಾನದಲ್ಲಿ ನನ್ನನ್ನು ಊದಿದವನು ಕರ್ಟ್ ಎಂಬ ಬಾಡಿಗೆ ಮನಸ್ಸಿನ ಆಳು. ಎರಡು ಕಡೆ ತಪ್ಪಿದ. ಹನ್ನಲೋರೆ ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ಅವಳ ಬಲಗೈ ಕೋಟಿನ ಜೇಬಿನೊಳಗಿತ್ತು. ಆ ಜೇಬು ಮಿಸುಕುತ್ತಿತ್ತು. ಕರ್ಟ್ ತಪ್ಪಿದ ಕಡೆ ಅವಳು ತಪ್ಪಲಿಲ್ಲ.

ನಾನು ಬ್ಯಾಂಡಿನ ಸೊತ್ತು, ಮನೆಯದಲ್ಲ. ಹಾಗಾಗಿ ಹೋಟೆಲಿನ ಬೀರುವಿನಲ್ಲಿ ಉಳಿದೆ. ಶುಕ್ರವಾರ ಶುಕ್ರವಾರ ಕರ್ಟ್ ಹೊರತೆಗೆಯುತ್ತಿದ್ದ, ಒಳಗಿನ ಎಂಜಲು ನೀರನ್ನೂ ಚೆಲ್ಲದೆ ಹಾಗೇ ಇಡುತ್ತಿದ್ದ. ಹತ್ತು ವರ್ಷ ಹೀಗೆ ಕಳೆಯಿತು. ನನ್ನೊಳಗೆ ಹಸಿರು ಕಿಲುಬು ಕಟ್ಟಿತು.

ಅಷ್ಟರಲ್ಲಿ ಊರಿನ ಹಣೆಬರಹ ತಿರುಗಿತ್ತು. ಹಡಗುಗಳಲ್ಲಿ ಎಣ್ಣೆ ಅಗ್ಗವಾಗಿ ಬಂತು. ಕಲ್ಲಿದ್ದಲು ಗಣಿಯ ಅಂಗಳದಲ್ಲಿ ಗುಡ್ಡೆಯಾಗಿ ಬಿದ್ದಿತು, ಕೊಳ್ಳುವವರಿಲ್ಲ. ಕಾಥಿಂಕಾ ಮುಚ್ಚುತ್ತದೆ ಎಂದು ಗಣಿಯವರು ಪ್ರಕಟಿಸಿದರು. ಕರ್ಟ್ ಮಾರನೆಯ ತಿಂಗಳೇ ದಕ್ಷಿಣದ ಮೋಟಾರು ಕಾರ್ಖಾನೆಗೆ ಹೊರಟುಹೋದ. ಊರಿನವರು ಕಪ್ಪು ಬಾವುಟ ಹಿಡಿದು ಮೆರವಣಿಗೆ ಹೊರಡುವುದೆಂದು ತೀರ್ಮಾನವಾಯಿತು. ಮೆರವಣಿಗೆಗೆ ಬ್ಯಾಂಡು ಬೇಕು. ಬ್ಯಾಂಡಿಗೆ ದಪ್ಪ ದನಿ ಇಲ್ಲ.

ನೋಟೆಬಾಮ್ ನನ್ನನ್ನು ಕೈಗಾಡಿಯಲ್ಲಿ ಹಾಕಿಕೊಂಡು ತಾನೇ ಫ್ಲೀಡರ್ ಬೀದಿಗೆ ತಳ್ಳಿಕೊಂಡು ಬಂದ. ಹನ್ನಲೋರೆ ಬಾಗಿಲು ತೆರೆದಳು. ಮದುವೆಯಾಗಿರಲಿಲ್ಲ; ಅದೇ ಮನೆ, ಅದೇ ಆಸ್ಪತ್ರೆ ಅಡುಗೆ. ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಶನಿವಾರದ ಮೆರವಣಿಗೆಗೆ ಒಂದಿನ ಬಂದ್ರೆ ಸಾಕು, ಹನ್ನಲೋರೆ."

"ಒಂದಿನಕ್ಕೆ ಬರಲ್ಲ."

"ಊರಿನ ವಿಷಯ ಇದು."

"ಊರಿನ ವಿಷಯ ಅಂತಾನೇ ಹೇಳ್ತಿರೋದು. ಶುಕ್ರವಾರದ ಅಭ್ಯಾಸಕ್ಕೂ ಬರ್ತೀನಿ, ಮುಂದಿನ ಶುಕ್ರವಾರಕ್ಕೂ ಬರ್ತೀನಿ. ನಿಯಮ ಬದಲಾಯಿಸ್ಕೊಂಡು ಬನ್ನಿ."

ಅವಳು ಬಾಗಿಲು ಹಾಕಲಿಲ್ಲ. ಕೈಗಾಡಿಯಲ್ಲಿದ್ದ ನನ್ನನ್ನು ನೋಡಿ ಮುಖ ಸಿಂಡರಿಸಿ, "ಇವನನ್ನ ಇಲ್ಲೇ ಬಿಟ್ಟು ಹೋಗಿ. ಒಳಗೆಲ್ಲ ನಾರ್ತಿದಾನೆ, ತೊಳೀಬೇಕು," ಎಂದಳು.

ಸಭೆ ಸೇರಿ ಕೈ ಎತ್ತಿದರು. ಪರವಾಗಿ ಎದ್ದ ಕೈಗಳು ಸ್ವಲ್ಪವೇ ಹೆಚ್ಚು. ಬೇಡವೆಂದವರಲ್ಲಿ ಇಬ್ಬರು ತಮ್ಮ ವಾದ್ಯಗಳನ್ನು ಅಲ್ಲೇ ಇಟ್ಟು ಎದ್ದುಹೋದರು. ಶನಿವಾರ ಹನ್ನಲೋರೆ ಅಪ್ಪನ ಕರಿ ಅಂಗಿಯನ್ನೇ ಸೊಂಟದಲ್ಲಿ ಹಿಡಿದು ಹೊಲಿದುಕೊಂಡು ಕೊನೆಯ ಸಾಲಿನಲ್ಲಿ ನಿಂತಳು. ಊರಿಗೆ ಊರೇ ಬೀದಿಯಲ್ಲಿತ್ತು. ಪಾದ್ರಿ, ಶಾಲೆಯ ಮೇಷ್ಟ್ರುಗಳು, ಕಟುಕರ ಅಂಗಡಿಯವರು, ತಳ್ಳುಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು. ಅಷ್ಟು ಜನ ಮಾತಿಲ್ಲದೆ ನಡೆಯುವುದನ್ನು ನಾನು ಮೊದಲು ನೋಡಿರಲಿಲ್ಲ.

ಗಣಿ ಮುಚ್ಚಿತು. ಮೆರವಣಿಗೆಯಿಂದ ಏನೂ ನಿಲ್ಲಲಿಲ್ಲ. ಗಣಿಯೊಳಕ್ಕೆ ಜನರನ್ನು ಇಳಿಸುತ್ತಿದ್ದ ಶಾಫ್ಟಿನ ಮೇಲಿನ ದೊಡ್ಡ ಚಕ್ರಗಳು ನಿಂತವು, ಆಮೇಲೆ ಕೋಕ್ ಒಲೆಗಳು ಆರಿದವು. ಹೊಗೆ ಹೋದ ಮೇಲೆ ಊರಿನಲ್ಲಿ ಬಿಳಿ ದುಪ್ಪಟಿ ಬೆಳ್ಳಗೇ ಒಣಗಿತು. ಹೆಂಗಸರು ಅದನ್ನು ಮಡಚಿ ಒಳಗಿಡುವಾಗ ಯಾರ ಮುಖದಲ್ಲೂ ಸಂತೋಷವಿರಲಿಲ್ಲ.

ಖಾಲಿಯಾದ ಮನೆಗಳಿಗೆ ಹೊಸಬರು ಬಂದರು. ಕೆಳಗಿನ ಸಾಲಿನಲ್ಲಿ, ಹನ್ನಲೋರೆಯ ಮನೆಗೆ ಎದುರಾಗಿ, ಜೆಲಾಲ್ ಎಂಬ ತುರ್ಕಿಯವನೂ ಅವನ ಹೆಂಡತಿ ಗುಲಿಜಾರಳೂ ಬಂದು ಸೇರಿದರು. ಅವನ ಊರಿನಲ್ಲೂ ಕಲ್ಲಿದ್ದಲ ಗಣಿಯಿತ್ತಂತೆ. ಇಲ್ಲಿ ಪಕ್ಕದ ಊರಿನ ಗಣಿಯಲ್ಲಿ ಫಿಟ್ಟರ್ ಕೆಲಸ. ನನ್ನ ಒಂದು ಕೀಲಿ ಸಿಕ್ಕಿಕೊಂಡಾಗ ಹನ್ನಲೋರೆ ಅವನ ಅಂಗಳಕ್ಕೆ ನನ್ನನ್ನು ಹೊತ್ತೊಯ್ದಳು. ಅವನು ಬಿಚ್ಚಿ, ಎಣ್ಣೆ ಹಾಕಿ, ಜೋಡಿಸಿ, ನನ್ನ ಹೊಟ್ಟೆಯ ಮೇಲೆ ಎರಡು ಕೈಯಿಂದ ತಾಳ ಬಡಿದ. ಅಂಥ ತಾಳವನ್ನು ನಾನು ಕೇಳಿರಲಿಲ್ಲ. ಕುಂಟುತ್ತ ಓಡುವ ತಾಳ ಅದು.

"ಊರಲ್ಲಿ ಮದುವೆಗೆ ಡೋಲು ಬಾರಿಸ್ತಿದ್ದೆ," ಎಂದ ಹರಕುಮುರುಕು ಜರ್ಮನ್ನಿನಲ್ಲಿ.

"ನಮ್ಮ ಡೋಲಿನವನು ಸತ್ತು ಎರಡು ವರ್ಷ ಆಯ್ತು," ಎಂದಳು ಹನ್ನಲೋರೆ. "ಶುಕ್ರವಾರ ಬಾ."

ಮುದುಕನಾಗಿದ್ದ ನೋಟೆಬಾಮ್ ಈ ಸಲ ನಿಯಮದ ಮಾತೆತ್ತಲಿಲ್ಲ. "ತಾಳ ತಪ್ಪದಿದ್ರೆ ಸರಿ," ಎಂದಷ್ಟೇ ಹೇಳಿದ. ಜೆಲಾಲ್ ತಾಳ ತಪ್ಪುತ್ತಿರಲಿಲ್ಲ, ಆದರೆ ಆಗಾಗ ತನ್ನೂರಿನ ಕಡೆಗೆ ಎಳೆಯುತ್ತಿದ್ದ. ಹನ್ನಲೋರೆ ಮೊಣಕೈಯಿಂದ ತಿವಿಯುತ್ತಿದ್ದಳು.

ಕೆಲವು ವರ್ಷಗಳಾದ ಮೇಲೆ ನಗರಸಭೆಯಿಂದ ಸುದ್ದಿ ಬಂತು. ಫ್ಲೀಡರ್ ಬೀದಿಯನ್ನು ಪೂರ್ತಿ ಕೆಡವಿ ಅಲ್ಲಿ ಹದಿನಾಲ್ಕು ಅಂತಸ್ತಿನ ಗೋಪುರಗಳನ್ನು ಕಟ್ಟುತ್ತಾರೆ. ನಿವಾಸಿಗಳಿಗೆಲ್ಲ ಅದರಲ್ಲೇ ಮನೆ. ಆ ಯೋಜನೆಯ ಹಿಂದೆ ನಿಂತಿದ್ದವನು ಮೇಯರ್ ವೆಸೆಲ್ಸ್. ಅವನನ್ನು ಕೆಟ್ಟವನೆಂದು ಹೇಳಲು ನನ್ನಿಂದಾಗದು. ಅವನು ಇಂಥದೇ ಗಣಿ ಕಾಲೋನಿಯಲ್ಲಿ ಹುಟ್ಟಿದವನು. ಅವನ ಅಪ್ಪನ ಹೆಣದ ಹಿಂದೆ ನಾನೇ ಊದಿದ್ದೆ.

ಬೀದಿಯವರು ಸಂಘ ಕಟ್ಟಿದರು. ಬಟ್ಟೆ ಒಗೆಯುವ ಮನೆಯೇ ಅದರ ಕಚೇರಿ. ಹನ್ನಲೋರೆಯನ್ನು ಮುಂದೆ ನಿಲ್ಲಿಸಿದರು. ಸಭಾಭವನದ ಮುಂದೆ ವಾರವಾರವೂ ಬ್ಯಾಂಡು ನುಡಿಸಿತು; ಒಳಗೆ ಮಾತಾಡುವವರಿಗೆ ಮಾತು ಕೇಳದಂತೆ ನಾನು ಕಿಟಕಿಯ ಗಾಜು ನಡುಗಿಸಿದೆ. ಕೊನೆಗೆ ಮೇಯರ್ ಅವರನ್ನು ಒಳಗೆ ಕರೆದ. ಹನ್ನಲೋರೆ ನನ್ನನ್ನು ಹೊರಗೆ ಬಿಡಲು ಮನಸ್ಸಾಗದೆ ಒಳಕ್ಕೂ ಹೊತ್ತು ತಂದು ಕುರ್ಚಿಯ ಪಕ್ಕ ನಿಲ್ಲಿಸಿದಳು. ಜೆಲಾಲ್ ಜೊತೆಗಿದ್ದ.

"ನಾನು ತಗಡಿನ ತೊಟ್ಟಿಯಲ್ಲಿ, ಅಣ್ಣಂದಿರು ಮಿಂದ ನೀರಲ್ಲಿ ಸ್ನಾನ ಮಾಡಿ ಬೆಳೆದವನು," ಎಂದ ವೆಸೆಲ್ಸ್. ದನಿ ಎತ್ತರಿಸಲಿಲ್ಲ. "ಚಳಿಗಾಲದಲ್ಲಿ ಅಂಗಳದ ಪಾಯಿಖಾನೆಗೆ ಹೋಗೋಕೆ ನನ್ನಮ್ಮ ಕೊನೇವರೆಗೂ ಒದ್ದಾಡಿದ್ಲು. ನಿಮಗೆ ಬಿಸಿನೀರು ಕೊಡ್ತೀನಿ, ಲಿಫ್ಟ್ ಕೊಡ್ತೀನಿ ಅಂದ್ರೆ ನೀವು ಬಂದು ನನ್ನ ಕಿಟಕಿ ಕೆಳಗೆ ಊದ್ತೀರಿ."

"ಬಿಸಿನೀರು ನಮಗೂ ಬೇಕು," ಎಂದಳು ಹನ್ನಲೋರೆ. "ನಲ್ಲಿ ಮನೆಗೆ ಬರ್ಲಿ. ನಾವು ನಲ್ಲಿ ಹತ್ರ ಹೋಗಬೇಕಾ?"

"ಆ ಇಟ್ಟಿಗೆ ಹಳೇದಾಗಿದೆ."

"ನಾನೂ ಹಳಬಳಾಗಿದೀನಿ. ಹೊತ್ತು ಮುಳುಗೋ ಮುಂಚೆ ಎದುರುಮನೆ ಕಿಟಕಿ ತೆರೀಲಿಲ್ಲ ಅಂದ್ರೆ ನಮ್ಮ ಬೀದೀಲಿ ಯಾರಾದ್ರೂ ಹೋಗಿ ಬಾಗಿಲು ತಟ್ತಾರೆ. ಹದಿನಾಲ್ಕನೇ ಅಂತಸ್ತಲ್ಲಿ ಯಾರು ತಟ್ತಾರೆ?"

ವೆಸೆಲ್ಸ್ ಮೇಜಿನ ಮೇಲಿನ ನಕಾಶೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಹೇಳಿದ: ಒಂದು ಸಾಲು ಉಳಿಸಬಹುದು. ಕೆಳಗಿನ ಸಾಲು ಮತ್ತು ಬಟ್ಟೆ ಒಗೆಯುವ ಮನೆ. ಅವಕ್ಕೆ ನಲ್ಲಿ, ಬಚ್ಚಲು ಎಲ್ಲ ಹಾಕಿಸುತ್ತೇನೆ. ಮೇಲಿನ ಸಾಲು ಹೋಗಬೇಕು. ಇದಕ್ಕಿಂತ ಹೆಚ್ಚಿಗೆ ನನ್ನ ಪಕ್ಷದವರು ಒಪ್ಪುವುದಿಲ್ಲ. ನಾಳೆಯೊಳಗೆ ಹೇಳಿ.

ಅಂದು ಸಂಜೆ ಬಟ್ಟೆ ಒಗೆಯುವ ಮನೆಯಲ್ಲಿ ಎರಡೂ ಸಾಲಿನವರು ಸೇರಿದರು. ಕೆಳಗಿನ ಸಾಲಿನವರು ನೆಲ ನೋಡುತ್ತಿದ್ದರು. ಮೇಲಿನ ಸಾಲಿನವರು ಹನ್ನಲೋರೆಯನ್ನು ನೋಡುತ್ತಿದ್ದರು. ಒಪ್ಪದಿದ್ದರೆ ಎರಡೂ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹನ್ನಲೋರೆ ನನ್ನ ಮೇಲೆ ಇಟ್ಟಿದ್ದ ಕೈಯನ್ನು ತೆಗೆದು ಮೇಲೆತ್ತಿದಳು.

ಜೆಲಾಲನ ಕೈ ಮೇಲೇಳಲಿಲ್ಲ. "ನಿನ್ನ ಮನೆ ಹೋಗತ್ತೆ ಅಕ್ಕಾ," ಎಂದ. ಅವನು ಅವಳನ್ನು ತನ್ನ ಭಾಷೆಯಲ್ಲಿ ಅಕ್ಕನೆಂದೇ ಕರೆಯುತ್ತಿದ್ದ.

"ನಿನ್ನದು ಉಳಿಯತ್ತೆ."

"ಹಾಗೆ ಉಳಿದ ಮನೆಯಲ್ಲಿ ನಾನು ಹೇಗೆ ಮಲಗಲಿ?"

"ಎಲ್ರೂ ಹೇಗೆ ಮಲಗ್ತಾರೋ ಹಾಗೆ. ಕೈ ಎತ್ತು ಜೆಲಾಲ್. ನಂಗೆ ಕೈ ನೋಯ್ತಿದೆ."

ಅವನು ಎತ್ತಿದ. ಅವನನ್ನು ನೋಡಿ ಉಳಿದವರು ಒಬ್ಬೊಬ್ಬರಾಗಿ ಎತ್ತಿದರು. ಮೇಲಿನ ಸಾಲಿನ ಇಬ್ಬರು ಮಾತ್ರ ಅವಳ ಮುಖ ನೋಡದೆ ಹೊರನಡೆದರು, ಮತ್ತೆಂದೂ ಅವಳೊಡನೆ ಮಾತಾಡಲಿಲ್ಲ.

ಮನೆ ಕೆಡವಿದ ದಿನ ಅವಳು ಆಸ್ಪತ್ರೆಯ ಕೆಲಸಕ್ಕೆ ಹೋದಳು, ರಜೆ ಹಾಕಲಿಲ್ಲ. ನಾನು ಜೆಲಾಲನ ಪಡಸಾಲೆಯಲ್ಲಿದ್ದೆ. ಯಂತ್ರದ ಕೈ ತಗುಲಿ ಮೇಲಿನ ಸಾಲಿನ ಗೋಡೆಗಳು ಒಳಕ್ಕೆ ಬಾಗಿ ಕುಸಿದವು. ಗುಲಿಜಾರ್ ಪರದೆ ಎಳೆದಳು. ಸದ್ದು ಪರದೆಗೆ ನಿಲ್ಲಲಿಲ್ಲ.

ಹನ್ನಲೋರೆಗೆ ಗೋಪುರದ ಒಂಬತ್ತನೆಯ ಅಂತಸ್ತಿನಲ್ಲಿ ಮನೆ ಸಿಕ್ಕಿತು. ನನ್ನನ್ನೂ ಕರೆದೊಯ್ದಳು. ಬಿಸಿನೀರು ಬರುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಅಲ್ಲಿ ಒಮ್ಮೆ ಊದಿದಾಗ ಮೇಲಿನಿಂದ ಒಬ್ಬರು ನೆಲ ಕುಟ್ಟಿದರು, ಕೆಳಗಿನಿಂದ ಒಬ್ಬರು ಚಾವಣಿ ಕುಟ್ಟಿದರು. ಅವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಅವಳು ನನ್ನನ್ನು ಕಂಬಳಿಯಲ್ಲಿ ಸುತ್ತಿ ಬಟ್ಟೆ ಒಗೆಯುವ ಮನೆಗೇ ತಂದಿಟ್ಟಳು. ವಾರಕ್ಕೊಮ್ಮೆ ಲಿಫ್ಟಿನಲ್ಲಿ ಇಳಿದು, ಬೀದಿ ದಾಟಿ, ನನ್ನ ಬಳಿ ಬರುತ್ತಿದ್ದಳು. ನೋಟೆಬಾಮ್ ತೀರಿಕೊಂಡ. ತುತ್ತೂರಿಯವರಿಗೂ ವಯಸ್ಸಾಯಿತು. ಬ್ಯಾಂಡು ಒಂದು ದಿನವೆಂದು ಹೇಳಿ ನಿಲ್ಲಲಿಲ್ಲ, ಬರುವವರು ಬರದೆ ನಿಂತುಹೋಯಿತು. ಕೊನೆಗೆ ಹನ್ನಲೋರೆಯೂ ಜೆಲಾಲನೂ ಇಬ್ಬರೇ ಕೂತು ನುಡಿಸುವುದಾಯಿತು. ಟ್ಯೂಬಾ ಮತ್ತು ಡೋಲು, ಹಾಡಿಲ್ಲದ ಸಂಗೀತ. ಗುಲಿಜಾರ್ ಚಹಾ ತಂದಿಟ್ಟು ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಒಂದು ಮಾರ್ಚ್ ತಿಂಗಳಲ್ಲಿ ಜೆಲಾಲ್ ಸತ್ತ. ಹೃದಯ ನಿಂತಿತಂತೆ. ಅವನ ಹೆಣವನ್ನು ವಿಮಾನದಲ್ಲಿ ಅವನ ಊರಿಗೆ ಒಯ್ಯುವುದೆಂದು ಮನೆಯವರು ನಿರ್ಧರಿಸಿದ್ದರು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಗಾಡಿ ಒಮ್ಮೆ ಫ್ಲೀಡರ್ ಬೀದಿಗೆ ಬಂದು ಹೋಗುವುದಿತ್ತು. ಹನ್ನಲೋರೆ ಗುಲಿಜಾರಳ ಬಳಿ ಬಂದಳು. ಎಪ್ಪತ್ತು ದಾಟಿದವಳು, ಕೋಲು ಹಿಡಿದಿದ್ದಳು.

"ಗುಲಿಜಾರ್, ನಿಮ್ಮಲ್ಲಿ ಸಾವಿಗೆ ವಾದ್ಯ ಇಲ್ಲ ಅಂತ ನಂಗೆ ಗೊತ್ತು. ನಾನು ಊದಲ್ಲ. ಹೇಳಿ ಹೋಗೋಣ ಅಂತ ಬಂದೆ."

ಗುಲಿಜಾರ್ ಅತ್ತು ಅತ್ತು ಒಣಗಿದ್ದಳು. "ನಮ್ಮಲ್ಲಿ ಇಲ್ಲ ಅಕ್ಕಾ," ಎಂದಳು. ಹನ್ನಲೋರೆಯ ಕೈ ಹಿಡಿದು, "ಗಾಡಿ ಮೂಲೆ ತಿರುಗಿದ ಮೇಲೆ ಅವರು ನಮ್ಮ ಬೀದೀಲಿ ಇರಲ್ಲ. ಆಮೇಲೆ ಇಲ್ಲಿ ಇರೋರು ನಾವು. ನಂಗೆ ಆ ಮೌನ ತಡ್ಕೊಳ್ಳೋಕಾಗಲ್ಲ. ಆಗ ಊದು," ಎಂದಳು.

ಗಾಡಿ ಬಂತು, ಒಂದು ಗಳಿಗೆ ನಿಂತಿತು, ಹೊರಟಿತು. ಬೀದಿಯ ಎರಡೂ ಬದಿಗೆ ಜನ. ಗೋಪುರದವರೂ ಇಳಿದು ಬಂದಿದ್ದರು. ಗಾಡಿ ಮೂಲೆ ತಿರುಗಿತು. ಹನ್ನಲೋರೆ ಬಟ್ಟೆ ಒಗೆಯುವ ಮನೆಯ ಮೆಟ್ಟಿಲ ಮೇಲೆ ಕೂತು ನನ್ನನ್ನು ತೊಡೆಗೇರಿಸಿಕೊಂಡಳು. ಕೋಲು ಕೆಳಗೆ ಉರುಳಿತು, ಯಾರೂ ಎತ್ತಲಿಲ್ಲ.

ಅವಳು ಊದಿದ್ದು ಗಣಿಯವರ ಹಳೆಯ ಹಾಡು. ಹಾಡಲ್ಲ, ಅದರ ಬುಡ. ನನ್ನ ಪಾಲಿಗೆ ಬರುವುದು ಅಷ್ಟೇ. ಅದರ ಮೇಲೆ ನಡೆಯಬೇಕಾದ ತುತ್ತೂರಿಗಳೆಲ್ಲ ಮಣ್ಣಿನಲ್ಲಿದ್ದವು. ಬರಿಯ ದಪ್ಪ ದನಿ ಬೀದಿಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಹೋಯಿತು, ಕುರುಡನೊಬ್ಬ ಗೋಡೆ ತಡವುತ್ತ ಹೋಗುವ ಹಾಗೆ. ನನಗೆ ನಾಚಿಕೆಯಾಯಿತು. ಇಷ್ಟು ಜನರ ಮುಂದೆ ಇಷ್ಟು ಬರಿದಾಗಿ ನಾನು ಎಂದೂ ನಿಂತಿರಲಿಲ್ಲ.

ಆಗ ಗುಂಪಿನಲ್ಲಿ ಒಬ್ಬ ಮುದುಕ ಬಾಯಿ ಮುಚ್ಚಿಕೊಂಡೇ ರಾಗ ಎಳೆಯತೊಡಗಿದ. ಮೇಲಿನ ಸಾಲಿನಿಂದ ಅಂದು ಮುಖ ತಿರುಗಿಸಿ ಹೋಗಿದ್ದವರಲ್ಲಿ ಒಬ್ಬ ಅವನು. ಅವನ ಹಿಂದೆ ಯಾರೋ ಸೇರಿಕೊಂಡರು. ಆಮೇಲೆ ಬೀದಿಯ ಎರಡೂ ಬದಿಯಿಂದ ಬಂತು. ಮಾತು ಗೊತ್ತಿದ್ದವರು ಮಾತು ಹಾಡಿದರು, ಗೊತ್ತಿಲ್ಲದವರು ಗುನುಗಿದರು. ಕಿಟಕಿಯೊಳಗೆ ನಿಂತಿದ್ದ ಗುಲಿಜಾರ್ ಚೌಕಟ್ಟಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಕಣ್ಣೀರಿನಲ್ಲಿ ಹನ್ನಲೋರೆಗೆ ಏನೂ ಕಾಣುತ್ತಿರಲಿಲ್ಲ. ಆದರೂ ಉಸಿರು ಒಡೆಯಲಿಲ್ಲ. ಅವರೆಲ್ಲರೂ ನಿಲ್ಲಿಸುವವರೆಗೆ ಅವಳು ನಿಲ್ಲಿಸಲಿಲ್ಲ.

ಅದೇ ನಾನು ಕೊನೆಯ ಸಲ ದನಿ ಮಾಡಿದ್ದು. ಮರುವರ್ಷ ಅವಳೂ ಹೋದಳು. ಈಗ ನಾನು ಬಟ್ಟೆ ಒಗೆಯುವ ಮನೆಯ ಮೂಲೆಯಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿದ್ದೇನೆ. ತಿಂಗಳಿಗೊಮ್ಮೆ ಇಲ್ಲಿ ಬೀದಿಯ ಸಭೆ ನಡೆಯುತ್ತದೆ. ಕಾರು ನಿಲ್ಲಿಸುವ ಜಾಗಕ್ಕೆ ಜಗಳ, ಕಸದ ಡಬ್ಬಿಗೆ ಜಗಳ, ಯಾರ ಮರದ ಎಲೆ ಯಾರ ಅಂಗಳಕ್ಕೆ ಬೀಳುತ್ತದೆಂದು ಜಗಳ. ಮೊನ್ನೆ ಕರಿಹೊಳೆಯ ಬಗ್ಗೆ ಮಾತು ಬಂತು. ಅದನ್ನು ತೊಳೆದು ತಿಳಿನೀರು ಮಾಡಿದ್ದಾರಂತೆ, ಬಾತುಕೋಳಿ ಬಂದಿವೆಯಂತೆ. ಅದರ ಹೆಸರು ಬದಲಾಯಿಸಬೇಕೇ ಎಂಬುದರ ಮೇಲೆ ಒಂದು ಗಂಟೆ ಕಿತ್ತಾಡಿ, ಏನೂ ತೀರ್ಮಾನಿಸದೆ ಎದ್ದುಹೋದರು.

ದೀಪ ಆರಿಸುವ ಹೆಂಗಸು ಹೋಗುವಾಗ ನನ್ನ ಬಾಯಿಯೊಳಗೆ ಬಿದ್ದಿದ್ದ ಬಿಸ್ಕತ್ತಿನ ಕಾಗದವನ್ನು ತೆಗೆದು ಜೇಬಿಗೆ ಹಾಕಿಕೊಂಡಳು. ಅವರ ಜಗಳ ಕೇಳುತ್ತ ಕೂರುವುದು ನನಗೆ ಬೇಸರವಿಲ್ಲ. ಜಗಳವಾಡುವುದಕ್ಕೆ ಬೀದಿಯೊಂದು ಉಳಿದಿದೆಯಲ್ಲ.